ಫ್ಲೈವೀಲ್ ಕೂರಿಸಿದರೆ ಪೆಟ್ರೋಲ್ ಬೇಡವೇ? ಹೈಬ್ರಿಡ್ ವಾಹನದೊಳಗೆ ತಿರುಗುವ ಚಕ್ರದ ನಿಜಸಂಗತಿ

ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೋ ಬಂತು. ದಪ್ಪನೆಯ ಕಬ್ಬಿಣದ ಚಕ್ರವೊಂದು ಗಿರಗಿರನೆ ತಿರುಗುತ್ತಿದೆ, ಪಕ್ಕದಲ್ಲಿ ಸಾಲಾಗಿ ಬಲ್ಬುಗಳು ಉರಿಯುತ್ತಿವೆ. ಕೆಳಗೆ ಬರೆದಿದ್ದದ್ದು ಇಷ್ಟು: "ಇದನ್ನು ಗಾಡಿಗೆ ಕೂರಿಸಿದರೆ ಪೆಟ್ರೋಲ್, ಡೀಸೆಲ್ ಏನೂ ಬೇಡ. ಫಾರ್ಮುಲಾ ಒನ್ ಕಾರುಗಳಲ್ಲಿ ಇರುವುದು ಇದೇ. ದೊಡ್ಡ ಕಂಪನಿಗಳು ಈ ವಿಷಯ ಮುಚ್ಚಿಟ್ಟಿವೆ. ಎಲ್ಲರಿಗೂ ಕಳಿಸಿ."

ತರಕಾರಿ ಸಾಗಿಸುವ ಟೆಂಪೊ ಇಟ್ಟುಕೊಂಡಿರುವ ನಮ್ಮ ಚಿಕ್ಕಪ್ಪ ಅದೇ ದಿನ ಸಂಜೆ ಫೋನ್ ಮಾಡಿದರು. "ನೋಡು ಮಗಾ, ನೀನು ಓದಿದವಳು. ಇದು ನಿಜವೋ ಸುಳ್ಳೋ ಹೇಳಿಬಿಡು. ನಮ್ಮ ಗಾಡಿಗೂ ಹಾಕಿಕೊಡ್ತಾರಂತೆ, ಮುಂಗಡ ಕಳಿಸಿ ಅಂತಿದಾರೆ."

ನಾನು ಓದಿದ್ದು ಸಂವಹನ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ತಕ್ಷಣ ಉತ್ತರ ಕೊಡದೆ ಕೂತು ಓದಿದೆ, ಲೆಕ್ಕ ಹಾಕಿದೆ. ಆಗ ತಿಳಿದದ್ದೇನೆಂದರೆ, ಆ ಸಂದೇಶ ಪೂರ್ತಿ ಕಟ್ಟುಕಥೆಯಲ್ಲ. ಫ್ಲೈವೀಲ್ ಇರುವ ವಾಹನಗಳು ನಿಜವಾಗಿಯೂ ರಸ್ತೆಗೆ ಇಳಿದಿವೆ, ರೇಸ್ ಗೆದ್ದಿವೆ. ಆ ನಿಜದ ಮೇಲೆ ಒಂದು ದೊಡ್ಡ ಸುಳ್ಳನ್ನು ಕಟ್ಟಲಾಗಿದೆ. ಎರಡನ್ನೂ ಬೇರ್ಪಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಫ್ಲೈವೀಲ್ ಎನ್ನುವುದು ಟ್ಯಾಂಕ್ ಇದ್ದಂತೆ, ಬೋರ್‌ವೆಲ್ ಇದ್ದಂತೆ ಅಲ್ಲ. ಮನೆಯ ಮೇಲಿನ ಟ್ಯಾಂಕಿಗೆ ನಾವು ನೀರು ಏರಿಸಿದರೆ ಮಾತ್ರ ನಲ್ಲಿಯಲ್ಲಿ ನೀರು ಬರುತ್ತದೆ. ಟ್ಯಾಂಕ್ ತಾನಾಗಿ ನೀರು ಹುಟ್ಟಿಸುವುದಿಲ್ಲ. ಫ್ಲೈವೀಲ್ ಕೂಡ ಅಷ್ಟೇ. ವಾಹನ ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಅದು ಹಿಡಿದಿಟ್ಟುಕೊಂಡು, ಮತ್ತೆ ಹೊರಡುವಾಗ ವಾಪಸ್ ಕೊಡಬಲ್ಲದು. ಇದರಿಂದ ಇಂಧನ ಉಳಿಯುತ್ತದೆ. ಆದರೆ ಇಂಧನವೇ ಬೇಡ ಎನ್ನುವಂತೆ ಆಗುವುದಿಲ್ಲ.

ಫ್ಲೈವೀಲ್ ಎಂದರೇನು?

ನೀವು ಇದನ್ನು ಮುಟ್ಟಿ ನೋಡಿರುತ್ತೀರಿ. ಜಾತ್ರೆಯಲ್ಲಿ ಸಿಗುವ ಆಟಿಕೆ ಕಾರುಗಳಲ್ಲಿ ಒಂದು ಬಗೆಯಿದೆ. ಅದಕ್ಕೆ ಸೆಲ್ ಬೇಡ, ಕೀಲಿಯೂ ಬೇಡ. ನೆಲಕ್ಕೆ ಒತ್ತಿ ನಾಲ್ಕಾರು ಬಾರಿ ಮುಂದಕ್ಕೆ ಉಜ್ಜಿದರೆ ಒಳಗಿನಿಂದ ಗುರ್ ಎಂಬ ಸದ್ದು ಬರುತ್ತದೆ. ಕೈ ಬಿಟ್ಟರೆ ಕಾರು ತಾನೇ ಓಡುತ್ತದೆ. ಅದರೊಳಗೆ ಇರುವುದು ಚಿಕ್ಕದೊಂದು ಲೋಹದ ಬಿಲ್ಲೆ ಮತ್ತು ಕೆಲವು ಹಲ್ಲುಚಕ್ರಗಳು. ನಿಮ್ಮ ಕೈಯ ಶ್ರಮ ಆ ಬಿಲ್ಲೆಯ ತಿರುಗಾಟವಾಗಿ ಒಳಗೆ ಕುಳಿತಿತ್ತು, ಬಿಟ್ಟಾಗ ಹೊರಬಂತು. ಆ ಬಿಲ್ಲೆಯೇ ಫ್ಲೈವೀಲ್.

ಕುಂಬಾರರ ಚಕ್ರವೂ ಇದೇ ಜಾತಿಯದು. ಕೋಲಿನಿಂದ ನಾಲ್ಕು ಸಲ ತಿರುಗಿಸಿ ಬಿಟ್ಟರೆ, ಮಡಕೆಗೆ ಆಕಾರ ಕೊಡುವಷ್ಟು ಹೊತ್ತು ಅದು ತಿರುಗುತ್ತಲೇ ಇರುತ್ತದೆ. ಹೊಲದ ಹಳೆಯ ಡೀಸೆಲ್ ಪಂಪ್‌ಸೆಟ್‌ಗಳಲ್ಲಿ ಪಕ್ಕಕ್ಕೆ ಕಾಣುವ ಭಾರವಾದ ಕಬ್ಬಿಣದ ಗಾಲಿಯೂ ಫ್ಲೈವೀಲೇ.

ಭಾರವಾದ ವಸ್ತುವೊಂದು ತಿರುಗುತ್ತಿದ್ದರೆ ಅದರಲ್ಲಿ ಶಕ್ತಿ ಇರುತ್ತದೆ. ಎಷ್ಟು ಇರುತ್ತದೆ ಎನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಅದರ ತೂಕ, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎನ್ನುವುದು, ಮತ್ತು ತಿರುಗುವ ವೇಗ. ತೂಕ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟು. ಆದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಈ ಒಂದು ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಬ್ರೇಕ್ ಹಾಕಿದಾಗ ಶಕ್ತಿ ಹೋಗುವುದೆಲ್ಲಿಗೆ?

ಓಡುತ್ತಿರುವ ವಾಹನದಲ್ಲಿ ಚಲನಶಕ್ತಿ ಇರುತ್ತದೆ. ಆ ಶಕ್ತಿ ಬಂದದ್ದು ನೀವು ದುಡ್ಡು ಕೊಟ್ಟು ಹಾಕಿಸಿದ ಇಂಧನದಿಂದ. ಬ್ರೇಕ್ ಒತ್ತಿದಾಗ ಬ್ರೇಕ್ ಪ್ಯಾಡ್‌ಗಳು ಉಜ್ಜಿ ಆ ಶಕ್ತಿಯನ್ನು ಬಿಸಿಯಾಗಿ ಬದಲಿಸುತ್ತವೆ, ಬಿಸಿ ಗಾಳಿಗೆ ಹೋಗುತ್ತದೆ. ಘಾಟಿ ಇಳಿದು ಬಂದ ಲಾರಿಯ ಚಕ್ರದ ಬಳಿ ನಿಂತರೆ ಈ ಬಿಸಿ ನಿಮ್ಮ ಮುಖಕ್ಕೆ ತಾಗುತ್ತದೆ.

ಎಷ್ಟು ಶಕ್ತಿ ಹೀಗೆ ಹೋಗುತ್ತದೆ? ಸುಲಭಕ್ಕೆ ಮೊಬೈಲ್ ಲೆಕ್ಕ ಹಾಕೋಣ. ಇಂದಿನ 5,000 ಎಂಎಎಚ್ ಬ್ಯಾಟರಿಯ ಫೋನ್ ಪೂರ್ತಿ ಚಾರ್ಜ್ ಆದಾಗ ಅದರಲ್ಲಿ ಸುಮಾರು 70 ಕಿಲೋಜೂಲ್ ಶಕ್ತಿ ಇರುತ್ತದೆ. 1,500 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು 208 ಕಿಲೋಜೂಲ್. ಅಂದರೆ ಆ ಕಾರು ಒಮ್ಮೆ ಬ್ರೇಕ್ ಹಾಕಿ ನಿಂತರೆ ಮೂರು ಫೋನ್ ಚಾರ್ಜ್ ಆಗುವಷ್ಟು ಶಕ್ತಿ ಬಿಸಿಯಾಗಿ ಹೋಯಿತು.

ಈಗ 12 ಟನ್ ತೂಕದ ಸಿಟಿ ಬಸ್ ನೋಡಿ. ಗಂಟೆಗೆ 40 ಕಿ.ಮೀ. ವೇಗದಿಂದ ನಿಂತರೆ ಹೋಗುವುದು ಸುಮಾರು 740 ಕಿಲೋಜೂಲ್, ಹತ್ತಕ್ಕೂ ಹೆಚ್ಚು ಫೋನ್. ಡೀಸೆಲ್ ಎಂಜಿನ್ ತನಗೆ ಸಿಕ್ಕ ಇಂಧನದಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಮಾತ್ರ ಚಲನೆಯಾಗಿ ಬದಲಿಸುತ್ತದೆ ಎಂದಿಟ್ಟುಕೊಂಡರೆ, ಬಸ್ಸನ್ನು ಮತ್ತೆ ಆ ವೇಗಕ್ಕೆ ತರಲು ಸುಮಾರು 60 ಮಿಲಿಲೀಟರ್ ಡೀಸೆಲ್ ಬೇಕು. ಅರ್ಧ ಲೋಟ ಚಹಾದಷ್ಟು. ದಿನಕ್ಕೆ ನೂರು ಬಾರಿ ಹೀಗೆ ನಿಂತು ಹೊರಟರೆ ಆರು ಲೀಟರ್. ಇದನ್ನು ಪೂರ್ತಿಯಾಗಿ ಮರಳಿ ಪಡೆಯಲು ಸಾಧ್ಯವಿಲ್ಲ, ಆದರೆ ಅರ್ಧ ಸಿಕ್ಕರೂ ಬಿಡುವಂಥದ್ದಲ್ಲ.

ಹೈಬ್ರಿಡ್ ವಾಹನಗಳ ಮುಖ್ಯ ಗುಟ್ಟು ಇದೇ. ಎಂಜಿನ್ ಜೊತೆಗೆ ಶಕ್ತಿ ಕೂಡಿಡುವ ಇನ್ನೊಂದು ಸಾಧನ ಇಟ್ಟುಕೊಂಡು, ಬ್ರೇಕಿನ ಶಕ್ತಿಯನ್ನು ಅದಕ್ಕೆ ತುಂಬುವುದು. ಇದಕ್ಕೆ ರೀಜನರೇಟಿವ್ ಬ್ರೇಕಿಂಗ್ ಎನ್ನುತ್ತಾರೆ. ಇಂದಿನ ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಆ ಸಾಧನ ಬ್ಯಾಟರಿ. ಬ್ಯಾಟರಿಯ ಜಾಗದಲ್ಲಿ ತಿರುಗುವ ಚಕ್ರವನ್ನು ಇಟ್ಟರೆ ಅದು ಫ್ಲೈವೀಲ್ ಹೈಬ್ರಿಡ್.

ಚಕ್ರ ಕೆಲಸ ಮಾಡುವುದು ಹೇಗೆ?

ಇದರಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಪೂರ್ತಿ ಯಾಂತ್ರಿಕ ದಾರಿ. ವಾಹನದ ಚಕ್ರಕ್ಕೂ ಫ್ಲೈವೀಲಿಗೂ ನಡುವೆ ವಿಶೇಷ ಗೇರ್‌ಬಾಕ್ಸ್ ಇರುತ್ತದೆ. ಬ್ರೇಕ್ ಒತ್ತಿದಾಗ ವಾಹನ ನಿಧಾನವಾಗುತ್ತಾ ಹೋಗುತ್ತದೆ, ಫ್ಲೈವೀಲ್ ವೇಗ ಪಡೆಯುತ್ತಾ ಹೋಗುತ್ತದೆ. ಹೊರಡುವಾಗ ಇದು ತಿರುಗುಮುರುಗು: ಫ್ಲೈವೀಲ್ ನಿಧಾನವಾಗುತ್ತಾ ವಾಹನವನ್ನು ಮುಂದಕ್ಕೆ ತಳ್ಳುತ್ತದೆ. ಒಂದರ ವೇಗ ಇಳಿಯುವಾಗ ಇನ್ನೊಂದರದು ಏರಬೇಕಾದ್ದರಿಂದ ಒಂದು, ಎರಡು, ಮೂರು ಎಂದು ಮೆಟ್ಟಿಲಿರುವ ಸಾಮಾನ್ಯ ಗೇರ್ ಸಾಲದು. ಗೇರ್ ಅನುಪಾತ ನುಣುಪಾಗಿ, ನಿರಂತರವಾಗಿ ಬದಲಾಗಬೇಕು. ಕೆಲವು ಗೇರ್‌ರಹಿತ ಸ್ಕೂಟರ್‌ಗಳಲ್ಲಿ ಬೆಲ್ಟ್ ಮಾಡುವ ಕೆಲಸವೂ ಇದೇ ಬಗೆಯದು.

ಎರಡನೆಯದು ವಿದ್ಯುತ್ ದಾರಿ. ವಾಹನದ ಚಕ್ರಕ್ಕೆ ಜೋಡಿಸಿದ ಮೋಟರ್ ಬ್ರೇಕ್ ಹಾಕುವಾಗ ಜನರೇಟರ್ ಆಗಿ ವಿದ್ಯುತ್ ಉತ್ಪಾದಿಸುತ್ತದೆ. ಆ ವಿದ್ಯುತ್ತು ಫ್ಲೈವೀಲಿನ ಮೋಟರಿಗೆ ಹೋಗಿ ಅದನ್ನು ತಿರುಗಿಸುತ್ತದೆ. ಬೇಕಾದಾಗ ಅದೇ ದಾರಿಯಲ್ಲಿ ಶಕ್ತಿ ವಾಪಸ್ ಬರುತ್ತದೆ. ನಡುವೆ ಬರೀ ತಂತಿ ಇರುವುದರಿಂದ ಫ್ಲೈವೀಲನ್ನು ವಾಹನದಲ್ಲಿ ಎಲ್ಲಿ ಬೇಕಾದರೂ ಇಡಬಹುದು.

ಯಾಂತ್ರಿಕ ದಾರಿಯ ಲಾಭವೇನು? ಬ್ಯಾಟರಿಯಲ್ಲಿ ಶಕ್ತಿ ರೂಪ ಬದಲಿಸುತ್ತಾ ಹೋಗುತ್ತದೆ: ಚಲನೆಯಿಂದ ವಿದ್ಯುತ್ತು, ವಿದ್ಯುತ್ತಿನಿಂದ ರಾಸಾಯನಿಕ ಶಕ್ತಿ, ಮತ್ತೆ ವಿದ್ಯುತ್ತು, ಮತ್ತೆ ಚಲನೆ. ನಾಲ್ಕು ಹಂತ. ಪ್ರತಿ ಹಂತದಲ್ಲೂ ಹತ್ತರಲ್ಲಿ ಒಂದು ಪಾಲು ಸೋರಿದರೆ ಕೊನೆಗೆ 100ರಲ್ಲಿ 66ರಷ್ಟು ಉಳಿಯುತ್ತದೆ. ಯಾಂತ್ರಿಕ ಫ್ಲೈವೀಲಿನಲ್ಲಿ ಚಲನೆ ಚಲನೆಯಾಗಿಯೇ ಉಳಿಯುತ್ತದೆ. ಅಲ್ಲಿಯೂ ಗೇರು, ಬೇರಿಂಗುಗಳಲ್ಲಿ ಒಂದಿಷ್ಟು ಸೋರುತ್ತದೆ, ಆದರೆ ರೂಪ ಬದಲಿಸುವ ಕಾಟವಿಲ್ಲ. ಇನ್ನೊಂದು ಲಾಭ, ಫ್ಲೈವೀಲ್ ಶಕ್ತಿಯನ್ನು ಬಹಳ ಬೇಗ ತೆಗೆದುಕೊಳ್ಳುತ್ತದೆ, ಬೇಗ ಕೊಡುತ್ತದೆ. ಬ್ರೇಕ್ ಹಾಕುವುದು ಕೆಲವೇ ಸೆಕೆಂಡುಗಳ ಕೆಲಸವಾದ್ದರಿಂದ ಇದು ಮುಖ್ಯ. ಸಾವಿರಾರು ಬಾರಿ ಹೀಗೆ ಮಾಡಿದರೂ ಬ್ಯಾಟರಿಯಂತೆ ಅದರ ಸಾಮರ್ಥ್ಯ ಕುಗ್ಗುತ್ತಾ ಹೋಗುವುದಿಲ್ಲ.

ಗಾಳಿಯಿಲ್ಲದ ಡಬ್ಬಿ ಏಕೆ?

ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಎಂದೆವಲ್ಲ, ಅದಕ್ಕಾಗಿಯೇ ಇಂದಿನ ಫ್ಲೈವೀಲ್‌ಗಳು ಭಾರಕ್ಕಿಂತ ವೇಗವನ್ನು ನೆಚ್ಚಿಕೊಂಡಿವೆ. 20 ಸೆಂಟಿಮೀಟರ್ ಅಗಲದ, ಅಂದರೆ ಊಟದ ತಟ್ಟೆಗಿಂತ ಚಿಕ್ಕ ಚಕ್ರವೊಂದು ನಿಮಿಷಕ್ಕೆ 60,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 2,260 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಗಂಟೆಗೆ ಸುಮಾರು 1,230 ಕಿ.ಮೀ. ಇಂಥ ವೇಗದಲ್ಲಿ ಗಾಳಿ ಇದ್ದರೆ ಚಕ್ರ ಸುಡುವಷ್ಟು ಬಿಸಿಯಾಗುತ್ತದೆ, ಶಕ್ತಿಯೂ ಬೇಗ ಕರಗಿಹೋಗುತ್ತದೆ. ಅದಕ್ಕೇ ಚಕ್ರವನ್ನು ಗಾಳಿ ಹೊರತೆಗೆದ ಗಟ್ಟಿ ಡಬ್ಬಿಯೊಳಗೆ ಇಡುತ್ತಾರೆ.

ಈ ವೇಗಕ್ಕೆ ಸಾಮಾನ್ಯ ಉಕ್ಕೂ ಒಗ್ಗುವುದಿಲ್ಲ. ತಿರುಗುವ ವಸ್ತು ತನ್ನನ್ನು ತಾನೇ ಹೊರಕ್ಕೆ ಹರಿದುಕೊಳ್ಳಲು ನೋಡುತ್ತದೆ. ಕಾರ್ಬನ್ ಫೈಬರ್ ಹಗುರ, ಎಳೆತಕ್ಕೆ ಬಲು ಗಟ್ಟಿ. ಒಂದು ವೇಳೆ ಒಡೆದರೂ ಅದು ಉಕ್ಕಿನಂತೆ ದೊಡ್ಡ ತುಂಡುಗಳಾಗಿ ಗುಂಡಿನಂತೆ ಸಿಡಿಯುವ ಬದಲು ಎಳೆಎಳೆಯಾಗಿ ಪುಡಿಯಾಗುತ್ತದೆ. ಆ ಪುಡಿಯನ್ನು ತಡೆಯಲು ಹೊರಗಿನ ಡಬ್ಬಿ ಇದೆ. ವಿಡಿಯೋಗಳಲ್ಲಿ ಮರೆಯಿಲ್ಲದೆ ಬಯಲಲ್ಲಿ ತಿರುಗುವ ಕಬ್ಬಿಣದ ಚಕ್ರದ ಹತ್ತಿರ ಯಾರೂ ನಿಲ್ಲಬಾರದು, ಮನೆಯಲ್ಲಿ ಅದನ್ನು ಮಾಡಿ ನೋಡಲೂ ಬಾರದು.

ಎಂಜಿನ್ನೇ ಇಲ್ಲದ ಬಸ್ಸು: ಸ್ವಿಟ್ಜರ್ಲೆಂಡಿನ ಗೈರೋಬಸ್

ಈ ಯೋಚನೆ ಹೊಸದಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಇವೆರ್ಡಾನ್ ಎಂಬ ಊರಿನಲ್ಲಿ ಗೈರೋಬಸ್ ಎಂಬ ಬಸ್ಸು ಓಡಾಡಲು ಶುರುಮಾಡಿತು. ಮಾಡಿದ್ದು ಓರ್ಲಿಕಾನ್ ಕಂಪನಿ. ಬಸ್ಸಿನ ನಡುವೆ ಒಂದೂವರೆ ಟನ್ ತೂಕದ, 1.6 ಮೀಟರ್ ಅಗಲದ ಉಕ್ಕಿನ ಚಕ್ರ ಮಲಗಿತ್ತು. ಅದು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿತ್ತು. ಗಾಳಿಯ ತಡೆ ಕಡಿಮೆಯಾಗಲಿ ಎಂದು ಚಕ್ರದ ಡಬ್ಬಿಯಲ್ಲಿ ಹೈಡ್ರೋಜನ್ ಅನಿಲ ತುಂಬಿದ್ದರು.

ಇದರಲ್ಲಿ ಎಂಜಿನ್ ಇರಲಿಲ್ಲ. ರಸ್ತೆಯ ಉದ್ದಕ್ಕೂ ವಿದ್ಯುತ್ ತಂತಿಯೂ ಇರಲಿಲ್ಲ. ಬಸ್ಸು ನಿಲ್ದಾಣಕ್ಕೆ ಬಂದಾಗ ಅದರ ಚಾವಣಿಯ ಮೇಲಿನ ಕೊಂಬುಗಳು ಅಲ್ಲಿನ ವಿದ್ಯುತ್ ಕಂಬಕ್ಕೆ ತಾಗುತ್ತಿದ್ದವು. ಜನ ಹತ್ತಿ ಇಳಿಯುವಷ್ಟರಲ್ಲಿ ಮೋಟರ್ ಚಕ್ರಕ್ಕೆ ಮತ್ತೆ ವೇಗ ತುಂಬುತ್ತಿತ್ತು. ಒಮ್ಮೆ ತುಂಬಿದರೆ ಸುಮಾರು ಆರು ಕಿಲೋಮೀಟರ್ ಓಟ.

ಬೆಲ್ಜಿಯಂನ ಗೆಂಟ್ ನಗರದಲ್ಲೂ, ಆಗ ಬೆಲ್ಜಿಯಂ ವಸಾಹತಾಗಿದ್ದ ಕಾಂಗೋದ ಲಿಯೋಪೋಲ್ಡ್‌ವಿಲ್‌ನಲ್ಲೂ (ಇಂದಿನ ಕಿನ್ಶಾಸಾ) ಗೈರೋಬಸ್‌ಗಳು ಓಡಿದವು. ಆದರೆ ಭಾರ ಹೆಚ್ಚು, ವಿದ್ಯುತ್ ಖರ್ಚು ಹೆಚ್ಚು, ಬೇರಿಂಗುಗಳಿಗೆ ಸವೆತ ಹೆಚ್ಚು. 1960ರ ಹೊತ್ತಿಗೆ ಮೂರೂ ಕಡೆ ಸೇವೆ ನಿಂತಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಂದೂವರೆ ಟನ್ ಚಕ್ರ ಇಟ್ಟುಕೊಂಡ ಬಸ್ಸಿಗೂ ಪ್ರತಿ ಕೆಲವು ಕಿಲೋಮೀಟರಿಗೆ ಹೊರಗಿನಿಂದ ಕರೆಂಟ್ ಕೊಡಲೇಬೇಕಿತ್ತು. ಟ್ಯಾಂಕ್ ಎಷ್ಟೇ ದೊಡ್ಡದಾದರೂ ಅದು ಬೋರ್‌ವೆಲ್ ಆಗಲಿಲ್ಲ.

ಫಾರ್ಮುಲಾ ಒನ್‌ನಲ್ಲಿ ಇರುವುದು ಫ್ಲೈವೀಲೇ?

ಸಂದೇಶದ ಈ ಭಾಗ ಕೇಳಲು ನಿಜವೆನಿಸುತ್ತದೆ. 2009ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ಬ್ರೇಕಿನ ಶಕ್ತಿ ಕೂಡಿಡುವ ಕರ್ಸ್ ಎಂಬ ವ್ಯವಸ್ಥೆ ಬಳಸಲು ಅನುಮತಿ ಸಿಕ್ಕಿತು. ಪ್ರತಿ ಸುತ್ತಿಗೆ 400 ಕಿಲೋಜೂಲ್ ಶಕ್ತಿಯನ್ನು, 60 ಕಿಲೋವ್ಯಾಟ್ ಮೀರದಂತೆ ಬಳಸಬಹುದು ಎಂಬುದು ನಿಯಮ. ನಮ್ಮ ಲೆಕ್ಕದಲ್ಲಿ ಆರು ಫೋನಿಗೂ ಕಡಿಮೆ ಶಕ್ತಿ, ಏಳು ಸೆಕೆಂಡಿಗೂ ಕಡಿಮೆ ಹೊತ್ತು. ಎದುರಾಳಿಯನ್ನು ದಾಟಲು ಅಷ್ಟು ಸಾಕಾಗುತ್ತಿತ್ತು.

ವಿಲಿಯಮ್ಸ್ ತಂಡ ಇದಕ್ಕಾಗಿ ಫ್ಲೈವೀಲ್ ಅಭಿವೃದ್ಧಿಪಡಿಸಿದ್ದೂ ನಿಜ. ಆದರೆ ಅದು ಫಾರ್ಮುಲಾ ಒನ್ ರೇಸಿಗೆ ಇಳಿಯಲೇ ಇಲ್ಲ. ಆ ವರ್ಷ ಕರ್ಸ್ ಬಳಸಿ ರೇಸ್ ಓಡಿದ ಮೆಕ್ಲಾರೆನ್, ಫೆರಾರಿ, ರೆನೋ, ಬಿಎಂಡಬ್ಲ್ಯು ಸೌಬರ್ ತಂಡಗಳೆಲ್ಲ ನೆಚ್ಚಿಕೊಂಡದ್ದು ಬ್ಯಾಟರಿಯನ್ನು. ಹಾಗಾಗಿ "ಫಾರ್ಮುಲಾ ಒನ್ ಕಾರುಗಳಲ್ಲಿ ಇರುವುದು ಫ್ಲೈವೀಲ್" ಎನ್ನುವುದು ತಪ್ಪು.

ವಿಲಿಯಮ್ಸ್ ಕಂಪನಿಯ ಚಕ್ರಕ್ಕೆ ಬೇರೆ ಕಡೆ ಅವಕಾಶ ಸಿಕ್ಕಿತು. 2010ರಲ್ಲಿ ಪೋರ್ಶೆ ತನ್ನ 911 ಜಿಟಿ3 ಆರ್ ಹೈಬ್ರಿಡ್ ಕಾರಿನಲ್ಲಿ, ಚಾಲಕನ ಪಕ್ಕದ ಸೀಟು ಇರಬೇಕಾದ ಜಾಗದಲ್ಲಿ ಅದನ್ನು ಕೂರಿಸಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ರೇಸಿನಲ್ಲಿ ಆ ಕಾರು ಮುಂಚೂಣಿಯಲ್ಲಿತ್ತು. ಮುಗಿಯಲು ಎರಡು ಗಂಟೆಯೂ ಇಲ್ಲದಿದ್ದಾಗ ಕೆಟ್ಟು ನಿಂತಿತು. ಕೆಟ್ಟದ್ದು ಫ್ಲೈವೀಲ್ ಅಲ್ಲ, ಪೆಟ್ರೋಲ್ ಎಂಜಿನ್.

2012ರಲ್ಲಿ ಆಡಿ ಕಂಪನಿಯ ಆರ್18 ಇ-ಟ್ರಾನ್ ಕ್ವಾಟ್ರೊ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸನ್ನು ಗೆದ್ದಿತು. ಆ ರೇಸ್ ಗೆದ್ದ ಮೊದಲ ಹೈಬ್ರಿಡ್ ಕಾರು ಅದು, ಮತ್ತು ಅದರೊಳಗೆ ಶಕ್ತಿ ಕೂಡಿಡುತ್ತಿದ್ದದ್ದು ಫ್ಲೈವೀಲ್. 2013, 2014ರಲ್ಲೂ ಅದೇ ಮಾದರಿ ಗೆದ್ದಿತು. ಆದರೆ ಎಂಜಿನ್ ತೆಗೆದುಹಾಕಿರಲಿಲ್ಲ. ಹಿಂದಿನ ಚಕ್ರಗಳನ್ನು ಓಡಿಸುತ್ತಿದ್ದದ್ದು ಡೀಸೆಲ್ ಎಂಜಿನ್. 2016ರ ಕಾರಿಗೆ ಬರುವಷ್ಟರಲ್ಲಿ ಆಡಿ ಕೂಡ ಫ್ಲೈವೀಲ್ ಬಿಟ್ಟು ಲಿಥಿಯಂ ಅಯಾನ್ ಬ್ಯಾಟರಿಗೆ ಬದಲಾಯಿತು.

ಸಾಮಾನ್ಯ ಜನರ ಕಾರು, ಬಸ್ಸು, ರೈಲು

2013ರಲ್ಲಿ ವೋಲ್ವೊ ಕಾರು ಕಂಪನಿ ಎಸ್60 ಕಾರಿನ ಹಿಂದಿನ ಆಕ್ಸಲ್‌ಗೆ ಫ್ಲೈಬ್ರಿಡ್ ಕಂಪನಿಯ ಯಾಂತ್ರಿಕ ಫ್ಲೈವೀಲ್ ಜೋಡಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಕಾರ್ಬನ್ ಫೈಬರಿನ ಚಕ್ರ, ತೂಕ ಸುಮಾರು 6 ಕಿಲೋ, ಅಗಲ 20 ಸೆಂಟಿಮೀಟರ್, ವೇಗ ನಿಮಿಷಕ್ಕೆ 60,000 ಸುತ್ತು. ಹೊರಡುವಾಗ ಎಂಜಿನ್ನಿಗೆ 80 ಅಶ್ವಶಕ್ತಿಯ ನೆರವು. ಅಷ್ಟೇ ಚುರುಕಾಗಿ ಓಡುವ ಆರು ಸಿಲಿಂಡರ್ ಕಾರಿಗೆ ಹೋಲಿಸಿದರೆ ಇಂಧನ ಬಳಕೆ ಶೇ 25ರವರೆಗೆ ಇಳಿಯಬಹುದು ಎಂದು ಕಂಪನಿ ಹೇಳಿತು. ನೆನಪಿಡಿ, ಇದು ಚಕ್ರ ತಯಾರಿಸಿ ಪರೀಕ್ಷಿಸಿದವರೇ ಕೊಟ್ಟ ಅತಿ ಹೆಚ್ಚಿನ ಅಂದಾಜು. ಅದೂ ಶೇ 25, ಶೇ 100 ಅಲ್ಲ. ಆ ಕಾರು ಮಾರುಕಟ್ಟೆಗೆ ಬರಲಿಲ್ಲ.

ಬಸ್ಸುಗಳಿಗೆ ಈ ತಂತ್ರ ಹೆಚ್ಚು ಹೊಂದುತ್ತದೆ, ಏಕೆಂದರೆ ಸಿಟಿ ಬಸ್ಸಿನ ಬದುಕೇ ನಿಲ್ಲುವುದು ಮತ್ತು ಹೊರಡುವುದು. 2014ರಲ್ಲಿ ವಿಲಿಯಮ್ಸ್ ತಂಡದ ಫ್ಲೈವೀಲ್ ವಿಭಾಗವನ್ನು ಜಿಕೆಎನ್ ಕಂಪನಿ ಕೊಂಡುಕೊಂಡಿತು. ಅದೇ ವರ್ಷ ಬ್ರಿಟನ್ನಿನ ಗೋ-ಅಹೆಡ್ ಬಸ್ ಸಂಸ್ಥೆ ತನ್ನ ಬಸ್ಸುಗಳಿಗೆ ಇಂಥ 500 ವ್ಯವಸ್ಥೆಗಳನ್ನು ಪಡೆಯುವ ಒಪ್ಪಂದ ಮಾಡಿಕೊಂಡಿತು.

ಎಲ್ಲಕ್ಕಿಂತ ಸರಳ ಉದಾಹರಣೆ ಇಂಗ್ಲೆಂಡಿನ ಸ್ಟೌರ್‌ಬ್ರಿಜ್‌ನಲ್ಲಿದೆ. ಅಲ್ಲಿ ಸುಮಾರು 1.3 ಕಿ.ಮೀ. ಉದ್ದದ ಪುಟ್ಟ ರೈಲುಮಾರ್ಗದಲ್ಲಿ 2009ರಲ್ಲಿ ಪ್ಯಾರಿ ಪೀಪಲ್ ಮೂವರ್ ಎಂಬ ಸಣ್ಣ ರೈಲುಬಂಡಿಗಳು ನಿತ್ಯ ಸೇವೆಗೆ ಇಳಿದವು. ಒಂದೊಂದರಲ್ಲೂ ಎಲ್‌ಪಿಜಿಯಿಂದ ಓಡುವ ಸಣ್ಣ ಎಂಜಿನ್, ಜೊತೆಗೆ ಸುಮಾರು 500 ಕಿಲೋ ತೂಕದ ಫ್ಲೈವೀಲ್. ಒಂದು ನಿಲ್ದಾಣಕ್ಕೆ ಇಳಿದು ಬರುವಾಗ ಬ್ರೇಕಿನ ಶಕ್ತಿ ಚಕ್ರಕ್ಕೆ ಹೋಗುತ್ತದೆ, ಹೊರಡುವಾಗ ಅದು ವಾಪಸ್ ಬರುತ್ತದೆ. ಹೀಗಾಗಿ ಅರವತ್ತು ಜನ ಕೂರುವ, ನಿಲ್ಲುವ ಬಂಡಿಗೂ ಕಾರಿನ ಗಾತ್ರದ ಎಂಜಿನ್ ಸಾಕಾಗಿದೆ.

ಹಾಗಾದರೆ ನಮ್ಮ ಕಾರುಗಳಲ್ಲಿ ಏಕಿಲ್ಲ?

"ಕಂಪನಿಗಳು ಮುಚ್ಚಿಟ್ಟಿವೆ" ಎನ್ನುವುದಕ್ಕೆ ಅರ್ಥವಿಲ್ಲ. ವೋಲ್ವೊ, ಆಡಿ, ಪೋರ್ಶೆ ಎಲ್ಲವೂ ಇದನ್ನು ಡಂಗುರ ಸಾರಿ ಹೇಳಿಕೊಂಡವು. ಕಾರಣಗಳು ಬೇರೆ.

ಮೊದಲನೆಯದು, ಟ್ಯಾಂಕ್ ಬಹಳ ಚಿಕ್ಕದು. ವೋಲ್ವೊ ಪರೀಕ್ಷಿಸಿದಂಥ ಚಕ್ರ ಪೂರ್ತಿ ತುಂಬಿದಾಗ ಅದರಲ್ಲಿರುವುದು ಅಂದಾಜು 500 ಕಿಲೋಜೂಲ್, ಅಂದರೆ ಏಳೆಂಟು ಫೋನ್ ಲೆಕ್ಕ. ಚಿಕ್ಕ ವಿದ್ಯುತ್ ಕಾರೊಂದು ಒಂದು ಕಿಲೋಮೀಟರ್ ಓಡಲು ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು 32,000 ಕಿಲೋಜೂಲ್‌ನಷ್ಟು.

ಎರಡನೆಯದು, ಟ್ಯಾಂಕ್ ಸೋರುತ್ತದೆ. ಎಷ್ಟೇ ಒಳ್ಳೆಯ ಬೇರಿಂಗ್ ಇದ್ದರೂ ವಾಹನದ ಫ್ಲೈವೀಲ್ ಕ್ರಮೇಣ ನಿಧಾನವಾಗುತ್ತದೆ. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿಯಲ್ಲಿ ಬೆಳಿಗ್ಗೆಯೂ ಚಾರ್ಜ್ ಇರುತ್ತದೆ, ಫ್ಲೈವೀಲ್ ನಿಂತಿರುತ್ತದೆ.

ಮೂರನೆಯದು, ಬ್ಯಾಟರಿ ಒಂದೇ ಹಲವು ಕೆಲಸ ಮಾಡುತ್ತದೆ. ಬ್ರೇಕಿನ ಶಕ್ತಿ ಹಿಡಿಯುತ್ತದೆ, ಮನೆಯ ಪ್ಲಗ್ಗಿನಿಂದ ಚಾರ್ಜ್ ಆಗುತ್ತದೆ, ನೂರಾರು ಕಿಲೋಮೀಟರ್ ಓಡಿಸುತ್ತದೆ. ಫ್ಲೈವೀಲಿಗೆ ಅನುಕೂಲವಿದ್ದ ಒಂದು ವಿಷಯ, ಅಂದರೆ ಬೇಗ ತೆಗೆದುಕೊಂಡು ಬೇಗ ಕೊಡುವುದು, ಅದರಲ್ಲೂ ಲಿಥಿಯಂ ಬ್ಯಾಟರಿಗಳು ಸುಧಾರಿಸಿದವು. ಅವುಗಳ ಬೆಲೆಯೂ ಇಳಿಯಿತು.

ಬ್ರೇಕಿನ ಶಕ್ತಿ ವಾಪಸ್ ಪಡೆಯುವ ತಂತ್ರವಂತೂ ನಮ್ಮಲ್ಲಿಗೆ ಎಂದೋ ಬಂದಿದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಅದಿತ್ತು. ನಮ್ಮ ಮೆಟ್ರೊ ರೈಲುಗಳಲ್ಲೂ ಇದೆ. ಅಲ್ಲಿ ಚಕ್ರವಿಲ್ಲ: ರೇವಾದಲ್ಲಿ ಶಕ್ತಿ ಬ್ಯಾಟರಿಗೆ ಹೋಗುತ್ತಿತ್ತು, ಮೆಟ್ರೊದಲ್ಲಿ ಹಳಿಯ ಪಕ್ಕದ ವಿದ್ಯುತ್ ಮಾರ್ಗಕ್ಕೆ ಮರಳುತ್ತದೆ.

ಹರಿದಾಡುವ ಮಾತುಗಳು ಮತ್ತು ವಾಸ್ತವ

"ನಮ್ಮ ಕಾರಿನಲ್ಲೂ ಫ್ಲೈವೀಲ್ ಇದೆ, ಮೆಕ್ಯಾನಿಕ್ ಹೇಳಿದ." ಮೆಕ್ಯಾನಿಕ್ ಹೇಳಿದ್ದು ಸರಿ. ಗೇರ್ ಬದಲಿಸುವ ಕಾರುಗಳಲ್ಲಿ ಎಂಜಿನ್ ಮತ್ತು ಕ್ಲಚ್ ನಡುವೆ ಫ್ಲೈವೀಲ್ ಇರುತ್ತದೆ. ಎಂಜಿನ್ ಹೊಡೆತ ಹೊಡೆತವಾಗಿ ಕೊಡುವ ಬಲವನ್ನು ನಯಗೊಳಿಸುವುದು ಅದರ ಕೆಲಸ. ಬ್ರೇಕಿನ ಶಕ್ತಿ ಕೂಡಿಡುವುದು ಅದರ ಕೆಲಸವಲ್ಲ. ಅದಿದ್ದ ಮಾತ್ರಕ್ಕೆ ಕಾರು ಹೈಬ್ರಿಡ್ ಆಗುವುದಿಲ್ಲ.

"ಮೋಟರ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ, ಜನರೇಟರ್ ಮತ್ತೆ ಮೋಟರಿಗೆ ಕರೆಂಟ್ ಕೊಡುತ್ತದೆ. ಇನ್ನೇನು ಬೇಕು?" ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಿ, ಟ್ಯಾಂಕಿನಿಂದ ಬೀಳುವ ನೀರಿನಿಂದಲೇ ಪಂಪ್ ಓಡಿಸುತ್ತೇನೆ ಎಂದಂತೆ ಇದು. ಪ್ರತಿ ಸುತ್ತಿನಲ್ಲೂ ಬಿಸಿಯಾಗಿ, ಸದ್ದಾಗಿ ಸ್ವಲ್ಪ ಶಕ್ತಿ ಹೋಗುತ್ತದೆ. ಏನೂ ಹೋಗದಿದ್ದರೂ ಬಲ್ಬಿಗೆ ಕೊಡಲು ಹೆಚ್ಚುವರಿ ಏನೂ ಉಳಿಯುವುದಿಲ್ಲ. ಶಕ್ತಿಯನ್ನು ಹುಟ್ಟಿಸಲಾಗದು, ಬರೀ ಬದಲಿಸಬಹುದು ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ.

"ವಿಡಿಯೋದಲ್ಲಿ ಕಣ್ಣಾರೆ ಕಂಡೆವಲ್ಲ?" ತಿರುಗುತ್ತಿರುವ ಭಾರಿ ಚಕ್ರ ಕೆಲವು ನಿಮಿಷ ಬಲ್ಬು ಉರಿಸಬಲ್ಲದು, ಏಕೆಂದರೆ ಮೊದಲೇ ಯಾರೋ ಅದಕ್ಕೆ ಶಕ್ತಿ ತುಂಬಿರುತ್ತಾರೆ. ವಿಡಿಯೋ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಮೇಜಿನ ಕೆಳಗೆ ತಂತಿಯೋ ಬ್ಯಾಟರಿಯೋ ಇದ್ದರೂ ಕ್ಯಾಮೆರಾಗೆ ಕಾಣುವುದಿಲ್ಲ.

"ತಿರುಗುವ ಚಕ್ರ ಇದ್ದರೆ ತಿರುವಿನಲ್ಲಿ ಗಾಡಿ ಮಗುಚುತ್ತದೆ." ವೇಗವಾಗಿ ತಿರುಗುವ ಚಕ್ರ ತನ್ನ ದಿಕ್ಕು ಬದಲಿಸಲು ಒಪ್ಪುವುದಿಲ್ಲ ಎನ್ನುವುದು ನಿಜ. ಆದರೆ ಗೈರೋಬಸ್‌ನಂತೆ ಚಕ್ರವನ್ನು ಮಲಗಿಸಿಟ್ಟರೆ ಬಸ್ಸು ಎಡಕ್ಕೆ ಬಲಕ್ಕೆ ತಿರುಗುವುದಕ್ಕೆ ಅಡ್ಡಿಯಾಗುವುದಿಲ್ಲ. ಇಂದಿನ ಕೆಲವೇ ಕಿಲೋ ತೂಕದ ಚಕ್ರಗಳಲ್ಲಿ ಈ ಪರಿಣಾಮ ಚಿಕ್ಕದು. ವಿನ್ಯಾಸ ಮಾಡುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡುತ್ತಾರೆ.

ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಯಾರಾದರೂ ಇಂಥ ಕಿಟ್ ಮಾರಲು ಬಂದರೆ ಈ ನಾಲ್ಕು ಪ್ರಶ್ನೆ ಸಾಕು.

1. ಚಕ್ರ ಮೊದಲು ತಿರುಗಲು ಶಕ್ತಿ ಎಲ್ಲಿಂದ ಬಂತು?
2. ಹೊರಗಿನ ತಂತಿ, ಬ್ಯಾಟರಿ, ಇಂಧನ ಎಲ್ಲ ತೆಗೆದು, ನನ್ನ ಎದುರು ಇಡೀ ದಿನ ಭಾರ ಎಳೆಸಿ ತೋರಿಸುವಿರಾ?
3. ವಾಹನಕ್ಕೆ ಹೀಗೆ ಮಾರ್ಪಾಡು ಮಾಡಲು ಸಾರಿಗೆ ಇಲಾಖೆಯ ಅನುಮತಿ ಇದೆಯೇ? ಅಪಘಾತವಾದರೆ ವಿಮೆ ಸಿಗುತ್ತದೆಯೇ?
4. ಚಕ್ರ ಒಡೆದರೆ ತಡೆಯಲು ಏನಿದೆ?

ಎರಡನೆಯ ಪ್ರಶ್ನೆಗೇ ಮಾರುವವರು ಮಾತು ತಿರುಗಿಸುತ್ತಾರೆ.

ಡೀಸೆಲ್ ಉಳಿಸಲು ಬೇರೆ ದಾರಿಯೇ ಇಲ್ಲವೇ?

ಚಿಕ್ಕಪ್ಪ ಮುಂಗಡ ಕಳಿಸಲಿಲ್ಲ. ಆದರೆ ಅವರ ಮುಂದಿನ ಪ್ರಶ್ನೆ ಇದಾಗಿತ್ತು, ಮತ್ತು ಇದು ನ್ಯಾಯವಾದ ಪ್ರಶ್ನೆ. ಡೀಸೆಲ್ ಬೆಲೆಯ ಬಿಸಿ ತಾಗಿದವರಿಗೆ "ಅದು ಸುಳ್ಳು" ಎಂದಷ್ಟೇ ಹೇಳಿದರೆ ಸಾಲದು.

ಉತ್ತರ ಇದೇ ಲೇಖನದಲ್ಲಿದೆ. ಬ್ರೇಕಿನಲ್ಲಿ ಹೋಗುವ ಶಕ್ತಿ ಇಂಧನದಿಂದ ಬಂದದ್ದು. ಹಾಗಾದರೆ ಅನಗತ್ಯವಾಗಿ ಬ್ರೇಕ್ ಹಾಕದೆ ಇರುವುದೇ ಮೊದಲ ಉಳಿತಾಯ. ಮುಂದೆ ಕೆಂಪು ದೀಪ ಕಂಡಾಗ ಕೊನೆಯವರೆಗೂ ಜೋರಾಗಿ ಹೋಗಿ ಬ್ರೇಕ್ ಒತ್ತುವ ಬದಲು, ದೂರದಿಂದಲೇ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು ಗೇರಿನಲ್ಲಿಯೇ ವೇಗ ಇಳಿಯಲು ಬಿಡಿ. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್‌ಗಳು ಆಗ ಇಂಧನವನ್ನೇ ನಿಲ್ಲಿಸುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಬೇಡ. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತ ತಪ್ಪಿ ಅಪಾಯವೂ ಹೌದು. ಟೈರಿನ ಗಾಳಿ ಸರಿಯಾಗಿರಲಿ, ಬೇಡದ ಭಾರ ಇಳಿಸಿ.

ಇದು ವಿಡಿಯೋದಷ್ಟು ರೋಚಕವಲ್ಲ. ಆದರೆ ಇದಕ್ಕೆ ಮುಂಗಡ ಕೊಡಬೇಕಿಲ್ಲ.

ಗುಂಪಿಗೆ ಕಳಿಸಲು ನಾಲ್ಕು ಸಾಲು

ಫ್ಲೈವೀಲ್ ಇರುವ ಹೈಬ್ರಿಡ್ ವಾಹನಗಳು ನಿಜ. ಅವು ಬ್ರೇಕಿನ ಶಕ್ತಿಯಲ್ಲಿ ಒಂದು ಪಾಲನ್ನು ಕೂಡಿಟ್ಟು ಇಂಧನ ಉಳಿಸುತ್ತವೆ.
ಫ್ಲೈವೀಲ್ ಇದ್ದರೆ ಇಂಧನವೇ ಬೇಡ ಎನ್ನುವುದು ಸುಳ್ಳು. ಅದು ಟ್ಯಾಂಕ್, ಬೋರ್‌ವೆಲ್ ಅಲ್ಲ.
ಫಾರ್ಮುಲಾ ಒನ್‌ನಲ್ಲಿ 2009ರಲ್ಲಿ ರೇಸ್ ಓಡಿದ ಕರ್ಸ್ ಕಾರುಗಳಲ್ಲಿ ಇದ್ದದ್ದು ಬ್ಯಾಟರಿ.
"ಫ್ರೀ ಎನರ್ಜಿ" ಕಿಟ್‌ಗಳಿಗೆ ಯಾರೂ ಹಣ ಕೊಡಬೇಡಿ.